ಅಕ್ಕ ಐದು ಅಂದಳು, ಎರಡು ಎಂದು ಕೇಳಿಸಿತು

೧

ಎಲ್ಲಿಂದ ಶುರು ಮಾಡಲಿ ಎಂದು ಯಾರನ್ನಾದರೂ ಕೇಳಬೇಕು, ಕೇಳಲು ನೀವೇ ಸಿಕ್ಕಿದ್ದೀರಿ. ಹೊಟ್ಟೆಪಾಡಿಗೆ ನಾನು ಬರೆಯುವುದು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನುಗಳ ಡಬ್ಬಿಯೊಳಗೆ ಬರುವ ಸಣ್ಣ ಪುಸ್ತಕಗಳನ್ನು. ಯಾರೂ ಓದದೆ ಡ್ರಾಯರಿಗೆ ಎಸೆಯುತ್ತಾರಲ್ಲ, ಅವನ್ನು. ಅಲ್ಲಿ ಈ ತಾಪತ್ರಯವಿಲ್ಲ. ಮೊದಲು ಪ್ಲಗ್ ಹಾಕಿ ಎಂದು ಶುರು, ಕೆಟ್ಟರೆ ಸೇವಾ ಕೇಂದ್ರಕ್ಕೆ ಫೋನ್ ಮಾಡಿ ಎಂದು ಮುಕ್ತಾಯ. ಆ ಚಾಳಿಯಿಂದಲೇ ಇಲ್ಲೂ ಅಂಕಿ ಹಾಕಿದ್ದೇನೆ. ಅಂಕಿ ಇದ್ದ ಮಾತ್ರಕ್ಕೆ ಕ್ರಮ ಇರುತ್ತದೆಂದು ನಂಬಬೇಡಿ.

ಮೊದಲ ಕರಡು ಜ್ವರದಿಂದ ಶುರುವಾಗಿತ್ತು. "ಅಕ್ಕನಿಗೆ ಐದು ದಿನ ಜ್ವರ ಬಂದು ಬಿಟ್ಟಿತು." ಹರಿದುಹಾಕಿದೆ. ಜ್ವರವೇ ಎಲ್ಲಕ್ಕೂ ಕಾರಣ ಎಂದು ನೀವು ಮೊದಲ ಸಾಲಿನಲ್ಲೇ ತೀರ್ಮಾನ ಮಾಡಿಬಿಡುತ್ತೀರಿ. ಡಾಕ್ಟರೇ ಇನ್ನೂ ಮಾಡಿಲ್ಲ. ಎರಡನೆಯ ಕರಡು ಮೆದುಳಿನಿಂದ ಶುರು. "ಮೈತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡು. ಆದರೆ ನಾವು ಸುಮ್ಮನೆ ಕೂತಿರುವಾಗ ಖರ್ಚಾಗುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲನ್ನು ಅದೊಂದೇ ಗುಳುಂ ಮಾಡುತ್ತದೆ." ಇದನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಇದು ಕಥೆನಾ, ಶಾಲೆ ಪಾಠನಾ?" ಎಂದಳು.

"ಕಥೆ. ನಿನ್ನ ಕಥೆ."

"ಮತ್ತೆ ನಾನೆಲ್ಲಿದೀನಿ ಇದರಲ್ಲಿ?"

"ಮೆದುಳು ನಿಂದೇ ಅಲ್ವಾ ಅಕ್ಕಾ."

"ಮೆದುಳನ್ನ ಯಾರು ಕಂಡಿದಾರೆ? ಗಂಟಲಿಂದ ಶುರು ಮಾಡು. ಜನಕ್ಕೆ ಗೊತ್ತಿರೋದು ಅದೊಂದೇ."

೨

ಸರಿ, ಗಂಟಲು.

ಅಕ್ಕ ನಮ್ಮೂರಿನ ದೊಡ್ಡ ರೈಲು ನಿಲ್ದಾಣದಲ್ಲಿ ಅನೌನ್ಸರ್. ಇಪ್ಪತ್ತೊಂದು ವರ್ಷವಾಯಿತು. ಮಾಮೂಲಿ ಪ್ರಕಟಣೆಗಳನ್ನೆಲ್ಲ ಈಗ ಯಂತ್ರ ಹೇಳುತ್ತದೆ. ಯಂತ್ರಕ್ಕೆ ಬಾರದ್ದನ್ನು ಅಕ್ಕ ಹೇಳುತ್ತಾಳೆ: ರೈಲು ತಡವಾದದ್ದು, ಪ್ಲಾಟ್‌ಫಾರ್ಮ್ ಬದಲಾದದ್ದು, ಕೆಂಪು ಸ್ವೆಟರಿನ ಮಗುವೊಂದು ಟಿಕೆಟ್ ಕೌಂಟರಿನ ಹತ್ತಿರ ಅಮ್ಮನಿಗಾಗಿ ಕಾಯುತ್ತಿರುವುದು. ಅವಳ ಮುಖ ಯಾರಿಗೂ ಗೊತ್ತಿಲ್ಲ. ಅಂಗಡಿಯಲ್ಲಿ "ಅರ್ಧ ಲೀಟರ್ ಹಾಲು ಕೊಡಿ" ಅಂದರೆ, ಹಿಂದೆ ನಿಂತವರು ಬೆಚ್ಚಿ ಚೀಲ ಎತ್ತಿಕೊಳ್ಳುತ್ತಾರೆ.

ನಲವತ್ತೇಳನೇ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂತು. (ನೋಡಿ, ಬಾಗಿಲಿಂದ ಓಡಿಸಿದ ಜ್ವರ ಕಿಟಕಿಯಿಂದ ಬಂತು.) ಬಿಟ್ಟಿತು. ಹತ್ತು ದಿನಕ್ಕೆ ಕೆಲಸಕ್ಕೆ ಹೋದಳು. ಪ್ರಕಟಣೆಯ ಕೋಣೆಗೆ ಮೂವತ್ತೆರಡು ಮೆಟ್ಟಿಲು, ಹತ್ತೊಂಬತ್ತನೆಯದರಲ್ಲಿ ಕೂತುಬಿಟ್ಟಳು. ಎಣಿಸಿದ್ದು ಅವಳೇ, ಮೊದಲೆಂದೂ ಎಣಿಸಿರಲಿಲ್ಲ. ಆಮೇಲೆ ಒಂದೊಂದಾಗಿ ಸಣ್ಣ ಸಣ್ಣ ವಿಷಯಗಳು. ಪತ್ರಿಕೆ ಓದಿದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ತಲೆ ಮರೆತಿರುತ್ತಿತ್ತು. ಕತ್ತರಿ ಬೇಕಾದಾಗ "ಅದು ಕೊಡೇ, ಅದು, ಎರಡು ಕಾಲಿಂದು" ಎನ್ನುತ್ತಿದ್ದಳು. ಹತ್ತು ಗಂಟೆ ಮಲಗಿ ಎದ್ದರೂ, ಮಲಗಿಯೇ ಇಲ್ಲದವಳ ಹಾಗೆ ಮಂಚದ ಅಂಚಿನಲ್ಲಿ ಕೂತಿರುತ್ತಿದ್ದಳು.

"ಸುಸ್ತು ಅಂದ್ರೆ ಸುಸ್ತಲ್ಲ ಕಣೇ," ಎಂದಳು ಒಮ್ಮೆ. "ಸುಸ್ತಾದ್ರೆ ಮಲಗಿದ್ರೆ ಹೋಗುತ್ತೆ. ಇದು ಬೇರೆ. ತಲೆಯೊಳಗೆ ದೀಪ ಇದೆ, ಮಿಣುಕು ಮಿಣುಕು ಅಂತಿದೆ."

ಭಾವನಿಗೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ನಂಬರಿಗೆ ತರುವ ಕೆಲಸ. "ಕಣ್ಣಿನ ನಂಬರ್ ಬದಲಾಗಿದೆ, ಅದಕ್ಕೇ ತಲೆ ಕೆಲಸ ಮಾಡ್ತಿಲ್ಲ" ಎಂದು ಮೂರು ಸಲ ಕಣ್ಣು ಪರೀಕ್ಷೆ ಮಾಡಿಸಿದರು. ಮೂರು ಸಲವೂ ಅದೇ ನಂಬರ್. ಆದರೂ ಹೊಸ ಕನ್ನಡಕ ಮಾಡಿಕೊಟ್ಟರು. ಅದು ಅವರ ಪ್ರೀತಿ. ನನ್ನ ಪ್ರೀತಿ ಯಾವ ಥರದ್ದು ಎಂಬುದು ಮುಂದಿನ ಅಂಕಿಯಲ್ಲಿದೆ. ಮೂರು ಕರಡುಗಳಲ್ಲಿ ಅದನ್ನು ಬಿಟ್ಟಿದ್ದೆ.

೩

ಮೊದಲ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಎಲ್ಲ ನಾರ್ಮಲ್. "ಸ್ವಲ್ಪ ಟೆನ್ಷನ್. ವಯಸ್ಸೂ ಆಯ್ತಲ್ಲ. ದಿನಾ ವಾಕಿಂಗ್ ಮಾಡಿ" ಎಂದರು.

ನಾರ್ಮಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಕೈಪಿಡಿ ಲೇಖಕಿ ಎದ್ದು ಕೂತಳು. ಯಂತ್ರ ಸರಿಯಿದೆ, ಬಳಸುವವರದ್ದೇ ತಪ್ಪು. ಮರುದಿನ ಬೆಳಿಗ್ಗೆಯೇ ಅಕ್ಕನ ಮನೆಯ ಬೆಲ್ ಒತ್ತಿದೆ.

"ಏಳು ಅಕ್ಕಾ. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ. ನಾಲ್ಕು ಕಿಲೋಮೀಟರ್, ಅಷ್ಟೇ."

ಹನ್ನೊಂದು ದಿನ ಬೆಳಿಗ್ಗೆ ಎಳೆದುಕೊಂಡು ಹೋದೆ. ಒಂಬತ್ತನೆಯ ದಿನ ಬೀಗ ರಿಪೇರಿಯವನ ಅಂಗಡಿ ಮುಂದೆ ಅಕ್ಕ ಫುಟ್‌ಪಾತಿನ ಮೇಲೆ ಕೂತುಬಿಟ್ಟಳು.

"ಇವತ್ತಿಗೆ ಸಾಕು ಕಣೇ. ಕಾಲು ನಂದಲ್ಲ ಅನ್ನಿಸ್ತಿದೆ."

"ಇನ್ನೊಂದು ತಿರುವು ಅಷ್ಟೇ ಅಕ್ಕಾ. ಸೋಮಾರಿತನಕ್ಕೆ ಸಲಿಗೆ ಕೊಡಬಾರದು."

ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದಳು. ಅಕ್ಕ ಯಾವಾಗಲೂ ಎದ್ದುಬಿಡುತ್ತಾಳೆ.

(ಸೋಮಾರಿತನ. ಈ ಶಬ್ದವನ್ನು ನಾನು ಆಡಲಿಲ್ಲ ಎಂದು ಬರೆಯಬಹುದಿತ್ತು. ಬರೆಯುವವಳು ನಾನೇ, ಕೇಳುವವರು ಯಾರು? ಆದರೆ ಅಕ್ಕ ಓದುತ್ತಾಳೆ.)

೪

ಹನ್ನೆರಡನೆಯ ದಿನ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ, ಯಾವಾಗಲೂ ಮೂರನೆಯ ಪ್ಲಾಟ್‌ಫಾರ್ಮಿಗೆ ಬರುವ ರೈಲನ್ನು ಐದಕ್ಕೆ ತಿರುಗಿಸಿದರು. ಅಕ್ಕನ ಕೈಗೆ ಚೀಟಿ ಬಂತು. ಚೀಟಿಯಲ್ಲಿ ಐದು ಎಂದೇ ಇತ್ತು. ಅಕ್ಕ ಮೈಕ್ ಒತ್ತಿ, ಎರಡು ಎಂದಳು.

ಮುನ್ನೂರು ಜನ ಸಾಮಾನು ಹೊತ್ತು ಮೇಲ್ಸೇತುವೆ ಹತ್ತಿ ಎರಡಕ್ಕೆ ಇಳಿದರು. ರೈಲು ಐದರಲ್ಲಿ ಬಂದು ನಿಂತಿತು. ಮುನ್ನೂರು ಜನ ಮತ್ತೆ ಸೇತುವೆ ಹತ್ತಿದರು, ಈ ಸಲ ಓಡುತ್ತಾ. ಆ ನೂಕುನುಗ್ಗಲಿನಲ್ಲಿ ಅರವತ್ತೆಂಟು ವರ್ಷದ ನಿವೃತ್ತ ಭೂಗೋಳದ ಟೀಚರೊಬ್ಬರು ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಈ ಪ್ಯಾರಾ ಬರೆಯುವಾಗ ಯಾವ ತಮಾಷೆಯೂ ಹೊಳೆಯಲಿಲ್ಲ.

೫

ಸ್ಟೇಷನ್ ಮಾಸ್ಟರು ಮನೆಯವರು ಯಾರಾದರೂ ಬರಲಿ ಎಂದರಂತೆ. ನಾನು ಹೋದೆ. ಅವರ ಕೋಣೆಯಲ್ಲಿ ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ನಿಮ್ಮನ್ನ ಬೈಯೋಕೆ ಕರೆಸಿಲ್ಲಮ್ಮಾ," ಎಂದರು ಮಾಸ್ಟರು. "ಆದ್ರೆ ಬರೆದುಕೊಡಬೇಕಲ್ಲ. ಏನಾಯ್ತು ಹೇಳಿ."

"ನಾನು ಐದು ಅಂತಾನೇ ಅಂದೆ ಸರ್."

ಅವರು ರೆಕಾರ್ಡಿಂಗ್ ಹಾಕಿದರು. ಅಕ್ಕನ ಧ್ವನಿ. ತೊದಲಿಲ್ಲ, ಅನುಮಾನವಿಲ್ಲ, ಇಪ್ಪತ್ತೊಂದು ವರ್ಷದ ಅದೇ ನಯ. "ಪ್ಲಾಟ್‌ಫಾರ್ಮ್ ಸಂಖ್ಯೆ ಎರಡಕ್ಕೆ ಬರಲಿದೆ."

"ಇನ್ನೊಂದ್ಸಲ ಹಾಕಿ," ಎಂದಳು ಅಕ್ಕ.

ಹಾಕಿದರು. ಎರಡು.

"ಇನ್ನೊಂದ್ಸಲ."

"ಅಕ್ಕಾ, ಸಾಕು," ಎಂದೆ.

"ಧ್ವನಿ ನಂದೇ ಸರ್," ಎಂದಳು ಅಕ್ಕ, ನನ್ನ ಕಡೆ ನೋಡದೆ. "ಆದ್ರೆ ನಾನು ಹಾಗೆ ಹೇಳಲಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಯಂತ್ರವೂ ಸುಳ್ಳು ಹೇಳುತ್ತಿರಲಿಲ್ಲ. ಎರಡು ನಿಜಗಳು ಒಂದೇ ಕೋಣೆಯಲ್ಲಿ ಎದುರುಬದುರು ಕೂತಾಗ ಕಥೆಗಾರ್ತಿ ಯಾವ ಕಡೆಗೆ ಕುರ್ಚಿ ಎಳೆದುಕೊಳ್ಳಬೇಕು? ನನಗೆ ಆವತ್ತೂ ತಿಳಿಯಲಿಲ್ಲ, ಇವತ್ತೂ ಇಲ್ಲ.

ಅಕ್ಕನನ್ನು ಮೈಕಿನಿಂದ ತೆಗೆದು, ಕಳೆದುಹೋದ ವಸ್ತುಗಳ ಕೌಂಟರಿಗೆ ಹಾಕಿದರು. (ಗೊತ್ತು, ಗೊತ್ತು. ಮಾತು ಕಳೆದುಕೊಂಡವಳು ಕಳೆದ ವಸ್ತುಗಳ ನಡುವೆ. ನಾನೂ ಪೆನ್ನು ಎತ್ತಿದ್ದೆ. ಅಕ್ಕ ಫೋನಿನಲ್ಲೇ ಗದರಿದಳು: "ಅದನ್ನ ಸಂಕೇತ ಗಿಂಕೇತ ಮಾಡಿದ್ಯೋ, ನೋಡು! ಕೌಂಟರ್ ಕೆಳಗಿದೆ, ಮೆಟ್ಟಿಲು ಹತ್ತೋ ಹಾಗಿಲ್ಲ, ಅದಕ್ಕೆ ಹಾಕಿದಾರೆ. ಇಡೀ ದಿನ ಛತ್ರಿ ಎಣಿಸ್ತೀನಿ ಅಷ್ಟೇ.")

೬

ಎರಡನೆಯ ಡಾಕ್ಟರು ಹೆಂಗಸು. ನಾವು ಒಳಗೆ ಹೋದಾಗ ಬ್ರೆಡ್ ತಿನ್ನುತ್ತಿದ್ದರು. "ಕ್ಷಮಿಸಿ, ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ. ನೀವು ಹೇಳಿ, ನಾನು ಅಗೀತಾ ಕೇಳ್ತೀನಿ."

ಅಕ್ಕ ಹೇಳಿದಳು. ಅರ್ಧದಲ್ಲಿ ಮಾತು ಸಿಗದೆ ನಿಂತಳು. ನಾನು ತುಂಬಿಸಲು ಬಾಯಿ ತೆರೆದೆ. ಡಾಕ್ಟರು ಕೈ ಅಡ್ಡ ಹಿಡಿದು ಸುಮ್ಮನಿರಿಸಿದರು. ಕಾದರು. ಅಷ್ಟು ಹೊತ್ತು ಯಾರೂ ಕಾದಿರಲಿಲ್ಲ. ಮಾತು ಬಂತು.

ಮೊದಲು ಮಾಡಿಸದಿದ್ದ ಎರಡು ಪರೀಕ್ಷೆ ಬರೆದರು, ಬಾಯಿ ತೆರೆಸಿ ಒಸಡು ನೋಡಿದರು. ವಾರ ಬಿಟ್ಟು ಫಲಿತಾಂಶ ಹಿಡಿದು ಕೂತಾಗ, ಕಾಗದದ ಹಿಂಬದಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದು ಅದರೊಳಗೆ ಪುಟ್ಟ ಪುಟ್ಟ ಅವರೆಬೀಜ ಬರೆದರು.

"ಇದು ಒಂದು ಜೀವಕೋಶ. ಈ ಬೀಜಗಳಿದಾವಲ್ಲ, ಇವಕ್ಕೆ ಮೈಟೋಕಾಂಡ್ರಿಯ ಅಂತಾರೆ. ನೀವು ತಿಂದಿದ್ದು, ಉಸಿರಾಡಿದ್ದು ಎರಡನ್ನೂ ಸೇರಿಸಿ ಶಕ್ತಿ ಮಾಡೋದು ಇವು. ಮೆದುಳಿಗೆ ಆ ಶಕ್ತಿ ಪ್ರತಿ ಗಳಿಗೆ ಬೇಕು, ಕೂಡಿಟ್ಟುಕೊಳ್ಳೋಕೆ ಅದಕ್ಕೆ ಬರಲ್ಲ. ಈಗ ಜ್ವರ ಬಂತು ಅಂದ್ಕೊಳ್ಳಿ. ಮೈ ರೋಗದ ಜೊತೆ ಹೋರಾಡುತ್ತೆ. ಅದಕ್ಕೆ ಉರಿಯೂತ ಅಂತೀವಿ, ಒಳ್ಳೇದೇ ಅದು. ಸೈನ್ಯ ಬಂತು, ಶತ್ರು ಓಡಿದ, ಆದ್ರೆ ಕೆಲವರಲ್ಲಿ ಸೈನ್ಯ ವಾಪಸ್ ಹೋಗಲ್ಲ…"

"ಯುದ್ಧ ಬೇಡ ಡಾಕ್ಟ್ರೇ," ಎಂದಳು ಅಕ್ಕ. "ನಂಗೆ ಅರ್ಥವಾಗೋ ಥರ ನಾನೇ ಹೇಳ್ಲಾ? ರೈಲು ಹೋಗಿ ಎಷ್ಟೋ ದಿನ ಆಯ್ತು. ಆದ್ರೆ ಹೋಯ್ತು ಅಂತ ಯಾರೂ ಅನೌನ್ಸ್ ಮಾಡಿಲ್ಲ. ಜನ ಇನ್ನೂ ಪ್ಲಾಟ್‌ಫಾರ್ಮ್ ತುಂಬಾ ನಿಂತಿದಾರೆ. ತಳ್ಳಾಡ್ತಿದಾರೆ. ಕಾಫಿ ಅಂಗಡೀಲಿ ಇದ್ದಿದ್ದೆಲ್ಲ ಅವರೇ ಖಾಲಿ ಮಾಡ್ತಿದಾರೆ. ಬೇರೆ ಯಾವ ಕೆಲಸವೂ ನಡೀತಿಲ್ಲ. ಹಂಗಾ?"

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ಇದನ್ನ ನಾನು ಬೇರೆಯವರಿಗೂ ಹೇಳ್ಬಹುದಾ?"

ಮೈಯಲ್ಲಿ ಉರಿಯೂತ ಸ್ವಲ್ಪ ಜಾಸ್ತಿ ಇತ್ತು. ಕಬ್ಬಿಣದ ಅಂಶ ತಳ ಮುಟ್ಟಿತ್ತು. ಒಸಡಿನಲ್ಲಿ ಹಳೆಯ ಸೋಂಕು. "ಮೂರಕ್ಕೂ ಚಿಕಿತ್ಸೆ ಮಾಡೋಣ," ಎಂದರು. "ಆದ್ರೆ ಇದರಿಂದಲೇ ಹೀಗಾಯ್ತು ಅಂತ ನಾನು ಎದೆ ತಟ್ಟಿ ಹೇಳಲ್ಲ. ಜ್ವರ ಇರಬಹುದು, ಇವೆಲ್ಲ ಸೇರಿ ಇರಬಹುದು. ನಮಗಿನ್ನೂ ಪೂರ್ತಿ ತಿಳಿದಿಲ್ಲ. ಒಂದು ಮಾತ್ರ ಖಂಡಿತ, ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ."

ಅಕ್ಕ ಆಗ ಅತ್ತಳು. ಎರಡೇ ನಿಮಿಷ. ಆಮೇಲೆ ಅಳುವುದಕ್ಕೂ ಸುಸ್ತಾಗುತ್ತದೆ ಎಂದು ನಿಲ್ಲಿಸಿದಳು.

"ಜ್ವರ ಬಿಟ್ಟಮೇಲೆ ವ್ಯಾಯಾಮ, ವಾಕಿಂಗ್ ಏನಾದ್ರೂ?" ಎಂದು ಕೇಳಿದರು ಡಾಕ್ಟರು.

"ಸ್ವಲ್ಪ," ಎಂದಳು ಅಕ್ಕ. ಮೇಜಿನ ಕೆಳಗೆ ಅವಳ ಕಾಲು ನನ್ನ ಕಾಲನ್ನು ಮೆಲ್ಲಗೆ ಒತ್ತಿತು. ಸುಮ್ಮನಿರು ಎಂದು.

ನಾನು ಸುಮ್ಮನಿದ್ದೆ.

೬

(ಮತ್ತೆ ಆರೇ. ಹಿಂದಿನ ಆರರ ಕೊನೆಯ ಸಾಲು ಸುಳ್ಳೇನಲ್ಲ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಎರಡನೆಯ ಆರು ಅದಕ್ಕೆ.)

ಬಾಗಿಲ ತನಕ ಹೋದವಳು ತಿರುಗಿ ಬಂದೆ.

"ಸ್ವಲ್ಪ ಅಲ್ಲ ಡಾಕ್ಟ್ರೇ. ನಾಲ್ಕು ಕಿಲೋಮೀಟರ್, ಹನ್ನೊಂದು ದಿನ. ಅವಳು ಬೇಡ ಅಂದ್ಲು, ನಾನೇ ಎಳ್ಕೊಂಡ್ ಹೋದೆ. ಅದರಿಂದಲೇ ಹೀಗಾಯ್ತಾ?"

ಡಾಕ್ಟರು ಹೌದು ಎನ್ನಲಿ ಎಂದು ನಾನು ಬಯಸಿದ್ದೆ. ಹೌದು ಎಂದರೆ ಕನಿಷ್ಠ ಕಾರಣವೊಂದು ಸಿಗುತ್ತಿತ್ತು, ಕಥೆಗೊಬ್ಬಳು ಖಳನಾಯಕಿಯೂ ಸಿಗುತ್ತಿದ್ದಳು.

"ಕೆಲವರಿಗೆ ನಡಿಗೆ ಔಷಧಿ," ಎಂದರು. "ಕೆಲವರಿಗೆ, ಅದೂ ಈ ಹೊತ್ತಲ್ಲಿ, ಮೈ ತಡಕೊಳ್ಳೋದಕ್ಕಿಂತ ಜಾಸ್ತಿ ಮಾಡಿದ್ರೆ ಮಾರನೇ ದಿನ ಇನ್ನೂ ಕೆಳಗೆ ಹೋಗ್ತಾರೆ. ನಿಮ್ಮಕ್ಕ ಎರಡನೇ ಥರ. ನಿಮಗದು ಗೊತ್ತಿರಲಿಲ್ಲ. ಆವತ್ತಿನ ತಪ್ಪಿಗೆ ಅದೇ ಕಾರಣವಾ? ಇರಬಹುದು. ಇಲ್ಲದೆಯೂ ಇರಬಹುದು. ಇನ್ಮೇಲೆ ದಣಿವಾಗೋಕೆ ಮೊದಲೇ ನಿಲ್ಲಿಸಲಿ, ಅಷ್ಟು ನೋಡ್ಕೊಳ್ಳಿ."

ಹೊರಗೆ ಬೆಂಚಿನಲ್ಲಿ ಅಕ್ಕ ಕಾಯುತ್ತಿದ್ದಳು. "ಯಾಕೆ ಹೇಳೋಕೆ ಹೋದೆ?" ಎಂದಳು.

"ನೀನ್ಯಾಕೆ ಮುಚ್ಚಿಟ್ಟೆ?"

"ನೀನು ಒಳ್ಳೇದಕ್ಕೇ ಮಾಡಿದ್ದಲ್ವಾ."

"ಸೋಮಾರಿ ಅಂದೆ ನಿನ್ನ."

"ಹ್ಞೂಂ, ಅಂದೆ." ಬೆಂಚು ಹಿಡಿದು ಏಳುತ್ತಾ ಹೇಳಿದಳು: "ಅದು ಮಾತ್ರ ಮರೆತಿಲ್ಲ ನೋಡು. ಕತ್ತರಿ ಮರೆತುಹೋಯ್ತು, ಅದು ಮರೀಲಿಲ್ಲ."

೭

ಟೀಚರನ್ನು ನೋಡಬೇಕು ಎಂದು ಅಕ್ಕ ಹಟ ಹಿಡಿದಳು. ಸ್ಟೇಷನ್ ಮಾಸ್ಟರಿಂದ ವಿಳಾಸ ಪಡೆದು ಒಂದು ಮಧ್ಯಾಹ್ನ ಹೋದೆವು. ಮೊದಲ ಮಹಡಿ. ಬಾಗಿಲನ್ನು ಎಡಗೈಯಲ್ಲಿ ತೆರೆದರು; ಬಲಗೈ ಪ್ಲಾಸ್ಟರಿನಲ್ಲಿತ್ತು, ಕೂದಲು ಕೆದರಿತ್ತು.

"ನಮಸ್ಕಾರ, ನಾನು ಸ್ಟೇಷನ್ನಿಂದ…" ಎಂದಳು ಅಕ್ಕ.

"ಧ್ವನಿ ಗೊತ್ತಾಯ್ತು. ಒಳಗೆ ಬನ್ನಿ."

ಇಲ್ಲಿ ನಾನು ಒಂದು ಕ್ಷಮೆಯ ದೃಶ್ಯ ಬರೆದಿದ್ದೆ. ಚೆನ್ನಾಗಿಯೇ ಇತ್ತು. ಆದರೆ ಟೀಚರು ಹೇಳಿದ್ದು ಬೇರೆ.

"ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದೀನಿ. ಕ್ಷಮಿಸೋದು ಸುಲಭ ಅಂದ್ಕೊಂಡಿದ್ದೆ. ಆಗ್ತಿಲ್ಲ. ಕೈ ನೋಯುತ್ತೆ, ತಲೆ ಬಾಚ್ಕೊಳ್ಳೋಕೆ ಆಗಲ್ಲ, ಸಿಟ್ಟು ಬರುತ್ತೆ. ಸುಳ್ಳು ಯಾಕೆ ಹೇಳ್ಲಿ?"

"ಬೇಡ, ಹೇಳ್ಬೇಡಿ," ಎಂದಳು ಅಕ್ಕ. ತನಗೇನಾಗಿದೆ ಎಂದು ವಿವರಿಸಲು ಹೊರಟಳು, ಜೀವಕೋಶ ಎನ್ನುವಷ್ಟರಲ್ಲಿ ಗೋಡೆ ಹಿಡಿದುಕೊಂಡಳು. ಮಹಡಿ ಹತ್ತಿದ್ದು ಹೆಚ್ಚಾಗಿತ್ತು.

"ವಿವರ ಆಮೇಲೆ. ಮುಖ ಸುಣ್ಣ ಆಗಿದೆ ನಿಮ್ಮದು. ಅಲ್ಲಿ ಮಲಗಿ," ಎಂದು ಟೀಚರು ಸೋಫಾ ತೋರಿಸಿದರು. ತರಗತಿಯ ಧ್ವನಿ. ಅಕ್ಕ ಮರುಮಾತಿಲ್ಲದೆ ಮಲಗಿದಳು. ಎರಡು ನಿಮಿಷಕ್ಕೆ ನಿದ್ದೆ.

ತನ್ನಿಂದ ಕೈ ಮುರಿದುಕೊಂಡವರ ಮನೆಯಲ್ಲಿ ಅಕ್ಕ ಒಂದು ಗಂಟೆ ಹತ್ತು ನಿಮಿಷ ಮಲಗಿದಳು. ನಾನು ಕೈಕಟ್ಟಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಟೀಚರು ಬಾಚಣಿಗೆ ತಂದು ನನ್ನ ತೊಡೆಯ ಮೇಲೆ ಇಟ್ಟು, ಬೆನ್ನು ತಿರುಗಿಸಿ ಕೂತರು.

"ಸುಮ್ನೆ ಕೂತ್ಕೊಂಡು ಏನ್ಮಾಡ್ತೀಯ? ಜಡೆ ಹಾಕು. ಬಿಗಿಯಾಗಿರಲಿ."

ಹಾಕಿದೆ. ಬೆಳ್ಳಿಯಂಥ ಕೂದಲು, ತುಂಬ ಸಿಕ್ಕು. ಸಿಕ್ಕು ಬಿಡಿಸಲೇ ಅರ್ಧ ಗಂಟೆ ಹಿಡಿಯಿತು. ಇಬ್ಬರೂ ಮಾತಾಡಲಿಲ್ಲ, ಅಕ್ಕ ಎದ್ದಾಳೆಂದು.

ಎದ್ದಮೇಲೆ ಬಾಗಿಲ ತನಕ ಬಂದು ಟೀಚರು ಹೇಳಿದರು: "ಮುಂದಿನ ವಾರ ಬನ್ನಿ. ಆಗ್ಲೂ ಸಿಟ್ಟಿದ್ರೆ ಹೇಳ್ತೀನಿ."

೮

ಈಗ ಮುಕ್ತಾಯ. ಮೂರು ಇವೆ, ನಿಮಗೆ ಬೇಕಾದ್ದು ಆರಿಸಿಕೊಳ್ಳಿ.

ಅ) ಅಕ್ಕ ಪೂರ್ತಿ ಗುಣವಾಗಿ ಮತ್ತೆ ಮೈಕಿನ ಮುಂದೆ ಕೂರುತ್ತಾಳೆ. ಧ್ವನಿ ಗುರುತಿಸಿದ ಜನ ಚಪ್ಪಾಳೆ ತಟ್ಟುತ್ತಾರೆ.

"ಸ್ಟೇಷನ್ನಲ್ಲಿ ಯಾರು ಚಪ್ಪಾಳೆ ತಟ್ತಾರೆ?" ಎಂದಳು ಅಕ್ಕ. "ಎಲ್ಲರ ಕೈಲೂ ಸಾಮಾನಿರುತ್ತೆ."

ಆ) ಅಕ್ಕ ಒಂದೊಂದೇ ಶಬ್ದ ಮರೆಯುತ್ತಾ ಹೋಗಿ, ಕಡೆಗೆ ನನ್ನನ್ನೂ ಮರೆಯುತ್ತಾಳೆ.

"ಡಾಕ್ಟ್ರು ಅಂಥ ಕಾಯಿಲೆ ಅಲ್ಲ ಅಂದಿದಾರೆ. ನನ್ನ ಮುಗಿಸೋಕೆ ನಿಂಗಿಷ್ಟು ಅವಸರನಾ?"

ಇ) ಒಸಡು ವಾಸಿಯಾದ ಮರುದಿನವೇ ತಲೆಯ ಮಬ್ಬು ಹರಿದು ಎಲ್ಲ ನಿಚ್ಚಳವಾಗುತ್ತದೆ.

ಇದನ್ನು ಬೇಡವೆಂದವರು ಡಾಕ್ಟರು. "ಹಂಗೆ ಬರೆದ್ರೆ ನಾಳೆ ಓದಿದವರೆಲ್ಲ ಹಲ್ಲು ಕೀಳಿಸ್ಕೊಂಡು ಬರ್ತಾರೆ. ಆ ಪಾಪ ನಂಗೆ ಬೇಡ."

ಹಾಗಾದರೆ ನಿಜವಾಗಿ ಆದದ್ದೇನು? ಒಸಡು ವಾಸಿಯಾಯಿತು, ಕಬ್ಬಿಣದ ಮಾತ್ರೆ ನಡೆಯುತ್ತಿದೆ, ಮಧ್ಯಾಹ್ನ ಎರಡು ಸಲ ಕಣ್ಣು ಮುಚ್ಚಿ ಮಲಗುತ್ತಾಳೆ. ಏಳು ತಿಂಗಳಾಯಿತು. ಕಳೆದ ಗುರುವಾರ ಪತ್ರಿಕೆಯ ಇಡೀ ಪುಟ ಓದಿ ನನಗೆ ಫೋನ್ ಮಾಡಿ ಹೇಳಿದಳು. ಶುಕ್ರವಾರ ಪರದೆ ಎಳೆದುಕೊಂಡು ಮಲಗಿದ್ದಳು. ಶನಿವಾರ ಚೆನ್ನಾಗಿದ್ದಳು, ಯಾಕೆಂದು ಗೊತ್ತಿಲ್ಲ. ಮುಂದಿನ ತಿಂಗಳು ಒಂದು ದಿನ ಮೈಕಿನಲ್ಲಿ ಪ್ರಯತ್ನಿಸಿ ಎಂದು ಮಾಸ್ಟರು ಕರೆದಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬರು ಚೀಟಿ ನೋಡುತ್ತ ಕೂರುತ್ತಾರಂತೆ. ಅಕ್ಕ ಹ್ಞೂಂ ಎಂದಿಲ್ಲ, ಉಹ್ಞೂಂ ಎಂದೂ ಇಲ್ಲ. ಟೀಚರ ಸಿಟ್ಟು ಅರ್ಧ ಇಳಿದಿದೆ. ಅವರೇ ಲೆಕ್ಕ ಹೇಳುತ್ತಿರುತ್ತಾರೆ.

ಇದು ಮುಕ್ತಾಯವಲ್ಲ ಎಂದು ನನಗೂ ಗೊತ್ತು.

೯

ಇಷ್ಟು ಬರೆದು ನಾಲ್ಕನೆಯ ಮುಕ್ತಾಯಕ್ಕೆ ತಡಕಾಡುತ್ತಿದ್ದೆ. ಫೋನ್ ಬಂತು.

"ಏನ್ಮಾಡ್ತಿದೀಯ?"

"ನಿನ್ನ ಕಥೆ ಮುಗಿಸ್ತಿದೀನಿ."

"ಅದಿರಲಿ. ಕಂಬಳಿ ಒಗೆಯೋಕೆ ನೆನೆಹಾಕಿಬಿಟ್ಟೆ. ನೀರು ಕುಡಿದು ಕಲ್ಲಾಗಿದೆ. ನಿನ್ನ ಭಾವ ಬರೋದು ಸಾಯಂಕಾಲ. ಒಬ್ಬಳ ಕೈಲಿ ಎತ್ತೋಕಾಗಲ್ಲ. ಬಾ."

ನನಗೆ ತಿಳಿದಂತೆ ಅಕ್ಕ ಯಾರನ್ನೂ ಹೀಗೆ ಕರೆದವಳಲ್ಲ. ಜ್ವರದಲ್ಲೂ ತಾನೇ ನೀರು ಕಾಯಿಸಿಕೊಂಡವಳು. ಹಾಗಾದರೆ ಇದು ಗುಣವಾಗುತ್ತಿರುವ ಲಕ್ಷಣವೋ, ಇನ್ನಷ್ಟು ಸೋತ ಲಕ್ಷಣವೋ? ತಡೆಯಲಾರದೆ ಕೇಳಿಯೇಬಿಟ್ಟೆ.

"ಅಕ್ಕಾ, ಇವತ್ತು ನಿಂಗೆ ಹುಷಾರಿದೆಯಾ, ಇಲ್ವಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಮಾತು ಹುಡುಕುತ್ತಿದ್ದಾಳೋ, ನನ್ನ ಪ್ರಶ್ನೆಗೆ ಬೇಸತ್ತಳೋ ತಿಳಿಯಲಿಲ್ಲ. ಕಾದೆ.

"ಗೊತ್ತಿಲ್ಲ ಕಣೇ," ಎಂದಳು. "ಕಂಬಳಿ ಭಾರ ಇದೆ, ಅಷ್ಟು ಗೊತ್ತು. ಬರ್ತೀಯೋ ಇಲ್ವೋ?"

ಹೊರಟಿದ್ದೇನೆ. ಕಂಬಳಿಯ ಆ ತುದಿ ಅವಳು, ಈ ತುದಿ ನಾನು. ಹಿಂಡಿ ಒಣಹಾಕುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಆಮೇಲೆ ಅವಳು ಮಲಗುತ್ತಾಳೆ, ಸದ್ದು ಮಾಡುವಂತಿಲ್ಲ. ಹೀಗಾಗಿ ನಾಲ್ಕನೆಯ ಮುಕ್ತಾಯಕ್ಕೆ ಜಾಗ ಬಿಟ್ಟು, ಅಂಕಿ ಮಾತ್ರ ಹಾಕಿ ಏಳುತ್ತಿದ್ದೇನೆ.

೧೦